ಮುಸುಕಿನ ಬಾವ್ಯಾಗಿನ ಅಜ್ಜಿ

ಹೈಸ್ಕೂಲ್ ಹುಡುಗರಿಗಂತ ಒಂದು ಕಾದಂಬರಿ ಬರೀಲಿಕ್ಕ ಹತ್ತೇನಿ, ಲಕ್ಕುಂಡಿ ಮಾಣಿಕೇಶ್ವರ ಗುಡಿ ಹಂತೇಕ ಇರೋ ಮುಸುಕಿನ ಬಾವ್ಯಾಗ ಕತಿ ಶುರು ಆಗ್ತದ, ಹದಿನೈದು ವರ್ಷದ ಹುಡುಗಿಗೆ ತೀರಿಹೋದ ಅಜ್ಜಿ ದನಿ ಕೇಳಸ್ತದ ಅಲ್ಲೆ. ಮೊನ್ನೆ ಗದಗಿಂದ ಬಸ್ ಹತ್ತಿ ಮತ್ತ ನೋಡಿ ಬಂದೆ, ಮೆಟ್ಟಲಾ ಇಳೀತಾ ಹೋದಂಗ ಗ್ವಾಡಿಯೊಳಗ ಸಣ್ಣ ಸಣ್ಣ ಗುಡಿಯಂಥಾ ಗೂಡು, ಕೆಳಗ ಹಸರ ನೀರು.

ಬರೇ ಅಂಜಸೋದು ಸುಲಭರೀ, ಬಾಗಲಾ ಕಿರ್ ಅನಿಸಿದ್ರ ಆತು. ಆದ್ರ ಆ ವಯಸ್ಸಿನ ಹುಡುಗರು ಕೇಳೋದು ಬ್ಯಾರೇನ ಅದ, ಸತ್ತಮ್ಯಾಲೆ ಅಜ್ಜಿ ಎಲ್ಲಿ ಹೋದ್ಲು, ಅಕಿಗೆ ನನ್ನ ನೆನಪ ಇರ್ತದೇನು ಅಂತ, ನಾವು ದೊಡ್ಡವರು ಮಾತ ಮರಸ್ತೀವಿ. 1819ರಾಗ ಹುಟ್ಟಿದ ಶಿಶುನಾಳದ ಶರೀಫಜ್ಜ, ಕಳಸದ ಗೋವಿಂದಭಟ್ಟರ ಶಿಷ್ಯ, ದೇಹ ಸಾವು ಗುರು ಎಲ್ಲಾ ಆಡುಮಾತಿನ್ಯಾಗ ಹಾಡಿಬಿಟ್ಟ, ಹೊಲದಾಗ ದುಡಿಯೋರ ಬಾಯಾಗೂ ಕೂತು. ಅಷ್ಟು ಸರಳ ಬರೀಬೇಕಂತ ನನ್ನ ಆಸೆ. ಅದಕ್ಕ ಕತಿಯೊಳಗ ಮಂತ್ರವಾದಿ ಇಲ್ಲ, ತಾಯತಾ ಇಲ್ಲ, ಹುಡುಗಿ ಸೀದಾ ಆ ದನಿಗೆ "ಯಾಕ ಬಂದಿ ಅಮ್ಮಾ, ಊಟಾ ಆತೇನು" ಅಂತ ಕೇಳ್ತಾಳ.

ಮೊದಲನೇ ಭಾಗ ಮುಗದದ, ಮನ್ಯಾಗ ಹೈಸ್ಕೂಲ್ ಹುಡುಗರಿದ್ರ ಹೇಳ್ರಿ, ಓದಲಿಕ್ಕ ಕಳಸ್ತೇನಿ.