ಬಾಲ್ಕನಿಯೋ, ಹೊಟ್ಟೆಯೋ

ನವೆಂಬರ್ 9, 2025, ಭಾನುವಾರ
ಮುಲುಂಡ್, ಮುಂಬಯಿ

ಬೆಳಿಗ್ಗೆಯಿಂದ ಮನೆಯಲ್ಲಿ ಒಂದೇ ಚರ್ಚೆ: ಬಾಲ್ಕನಿ ಇರುವ ಕ್ಯಾಬಿನ್ ಬೇಕೋ ಬೇಡವೋ. ಕ್ರಿಸ್‌ಮಸ್ ರಜೆಗೆ ಹಡಗಿನಲ್ಲಿ ಗೋವಾಕ್ಕೆ ಹೋಗಿಬರುವುದೆಂದು ದೀಪಾವಳಿಯ ಹೊತ್ತಿಗೇ ನಿಶ್ಚಯವಾಗಿತ್ತು. ಬಲ್ಲಾರ್ಡ್ ಪಿಯರ್‌ನಲ್ಲಿ ಹತ್ತುವುದು, ಮೊರ್ಮುಗಾವ್‌ನಲ್ಲಿ ಇಳಿದು ಒಂದಷ್ಟು ಸುತ್ತುವುದು, ಅದೇ ಹಡಗಿನಲ್ಲಿ ವಾಪಸು. ನಾವಿಬ್ಬರು, ಮಗಳು, ಅತ್ತೆ.

ಮಗಳಿಗೆ ಬಾಲ್ಕನಿ ಬೇಕು, ಫೋಟೋ ತೆಗೆಯಲು. ಅತ್ತೆಗೆ ಬೇಕು, ಬೆಳಿಗ್ಗೆ ಸೂರ್ಯನಿಗೆ ಕೈಮುಗಿಯಲು. (ಹೋಗುವಾಗ ಸೂರ್ಯ ಹಡಗಿನ ಎಡಮಗ್ಗುಲಲ್ಲಿ ಹುಟ್ಟುತ್ತಾನೆ, ಬರುವಾಗ ಬಲಮಗ್ಗುಲಲ್ಲಿ, ಒಂದೇ ಬಾಲ್ಕನಿಯಿಂದ ಎರಡು ದಿನವೂ ಸಿಗುವವನಲ್ಲ ಎಂದು ಹೇಳಿದೆ. ಅತ್ತೆಗೆ ರುಚಿಸಲಿಲ್ಲ.) ಗಂಡನಿಗೆ ಯಾಕೆ ಬೇಕೆಂದರೆ, "ಇಷ್ಟು ದುಡ್ಡು ಸುರಿದು ಮುಚ್ಚಿದ ಕಿಟಕಿ ನೋಡ್ತಾ ಕೂರೋದಾ?"

ಇದನ್ನು ಹೇಳುತ್ತಿರುವವರು ತೀರ್ಥಹಳ್ಳಿಯವರು. ಮದುವೆಯಾದ ಹೊಸದರಲ್ಲಿ ಉಡುಪಿಯ ನನ್ನ ತವರಿಗೆಂದು ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ಹಾಕಿದ ತಲೆಯನ್ನು ಹದಿನಾಲ್ಕು ತಿರುವೂ ಮುಗಿದು ಸೋಮೇಶ್ವರ ಬಂದ ಮೇಲೆಯೇ ಒಳಗೆ ತೆಗೆದುಕೊಂಡವರು. ಈಗಲೂ ಆ ಮಾತೆತ್ತಿದರೆ "ಅದು ಡೀಸೆಲ್ ವಾಸನೆಗೆ ಆಗಿದ್ದು" ಎನ್ನುತ್ತಾರೆ. ಡೀಸೆಲ್ ಮೇಲೆ ಗೂಬೆ ಕೂರಿಸುವುದು ಸುಲಭ. ಈ ವಾರವೆಲ್ಲ ಓದಿದ್ದರಿಂದ ನನಗೆ ಗೊತ್ತಾಗಿರುವುದು, ಅದು ಕಿವಿಯ ಕೆಲಸ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಳಿಕೆಗಳಿವೆ. ತಲೆ ಯಾವ ಕಡೆ ತಿರುಗಿತೆಂದು ಮಿದುಳಿಗೆ ಹೇಳುವವು ಅವೇ. ಮೇಲೆ ಕೆಳಗೆ, ಹಿಂದೆ ಮುಂದೆ ಜರುಗಿದ್ದನ್ನು ಹೇಳಲು ಪಕ್ಕದಲ್ಲಿ ಸಣ್ಣ ಸುಣ್ಣದ ಹರಳುಗಳಿವೆ. ಹಡಗಿನ ಒಳಗೆ ಕೂತಾಗ ಗೋಡೆ, ಮೇಜು, ತಟ್ಟೆ ಎಲ್ಲವೂ ನಮ್ಮ ಜೊತೆಗೇ ಆಡುವುದರಿಂದ ಕಣ್ಣು "ಏನೂ ಅಲುಗಾಡುತ್ತಿಲ್ಲ" ಎನ್ನುತ್ತದೆ, ಕಿವಿ "ಅಲುಗಾಡುತ್ತಿದೆ" ಎನ್ನುತ್ತದೆ. ಇಬ್ಬರ ಸಾಕ್ಷಿ ತಾಳೆಯಾಗದೆ ಮಿದುಳು ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತದೆ. ಅದಕ್ಕೇ ಡೆಕ್ಕಿಗೆ ಹೋಗಿ ದಿಗಂತ ನೋಡಿ ಎನ್ನುವುದು. ದಿಗಂತ ಕಂಡರೆ ಕಣ್ಣೂ ಕಿವಿಯ ಮಾತನ್ನು ಒಪ್ಪುತ್ತದೆ.

ಓದಿದ್ದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಅಮೆರಿಕದ ಒಂದು ಪ್ರಯೋಗ. 1950ರ ದಶಕದ ಕೊನೆಯಲ್ಲಿ, ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ತಯಾರಿಯಲ್ಲಿದ್ದಾಗ, ಅಲ್ಲಿನ ನೌಕಾಪಡೆಯ ವಿಜ್ಞಾನಿಗಳು ಗ್ಯಾಲೊಡೆಟ್ ಕಾಲೇಜಿನಿಂದ ಹನ್ನೊಂದು ಮಂದಿ ಕಿವುಡರನ್ನು ಆರಿಸಿಕೊಂಡರು. ಹೆಚ್ಚಿನವರಿಗೆ ಚಿಕ್ಕಂದಿನಲ್ಲಿ ಮಿದುಳುಪೊರೆಯ ಜ್ವರ ಬಂದು ಒಳಗಿವಿಯ ಸಮತೋಲನದ ಭಾಗವೂ ಕೆಟ್ಟಿತ್ತು. ಅವರನ್ನು ಗಿರಗಿರ ತಿರುಗಿಸಿದರು, ವಿಮಾನದಲ್ಲಿ ಎತ್ತಿಹಾಕಿದರು. ನೋವಾ ಸ್ಕೋಷಿಯಾದ ಹತ್ತಿರ ರೊಚ್ಚಿಗೆದ್ದ ಕಡಲಿನಲ್ಲಿ ದೋಣಿ ಹತ್ತಿಸಿದಾಗ ಅವರು ಆರಾಮವಾಗಿ ಇಸ್ಪೀಟು ಆಡುತ್ತಿದ್ದರಂತೆ. ಪ್ರಯೋಗ ಮಾಡಲು ಬಂದ ವಿಜ್ಞಾನಿಗಳೇ ವಾಂತಿ ಮಾಡಿ ಮಲಗಿದ್ದರಂತೆ. ಅಂದರೆ ಹೊಟ್ಟೆ ತೊಳಸುತ್ತದೆಂದರೆ ಒಳಗಿವಿ ಗಟ್ಟಿಮುಟ್ಟಾಗಿದೆ ಎಂದೇ ಅರ್ಥ. ಇದನ್ನು ಗಂಡನಿಗೆ ಓದಿ ಹೇಳಿದಾಗ ಮುಖದಲ್ಲಿ ಒಂದು ಕಳೆ ಬಂತು. ಡೀಸೆಲ್ ಸಂಗತಿ ಮಾತ್ರ ವಾಪಸು ಪಡೆಯಲಿಲ್ಲ.

ಈಗ ಬಾಲ್ಕನಿಗೆ ಬರೋಣ. ಹಡಗು ಮಕ್ಕಳು ಆಡುವ ಸೀ-ಸಾ ಹಲಗೆಯ ಹಾಗೆ: ತುದಿಯಲ್ಲಿ ಕೂತವರಿಗೆ ಏರಿಳಿತ, ನಡುವಿನಲ್ಲಿ ಕೂತವರಿಗೆ ಅಷ್ಟಿಲ್ಲ. ಮೇಲೆ ಹೋದಷ್ಟೂ ಅಕ್ಕಪಕ್ಕದ ತೂಗಾಟ ಹೆಚ್ಚು. ದುಬಾರಿ ಕ್ಯಾಬಿನ್‌ಗಳೆಲ್ಲ ಎಲ್ಲಿ? ಮೇಲೆ, ಮುಂದೆ, ಹಿಂದೆ. ಹೊಟ್ಟೆಗೆ ಒಳ್ಳೆಯದು ಎಲ್ಲಿ? ಕೆಳಗೆ, ನಟ್ಟನಡುವೆ, ಯಾರಿಗೂ ಬೇಡದ ಜಾಗದಲ್ಲಿ, ಕಡಿಮೆ ದುಡ್ಡಿಗೆ. ಜೀವನದಲ್ಲಿ ಇಂಥ ಅವಕಾಶ ಅಪರೂಪ. ಆದರೂ ಮನೆಯವರನ್ನು ಒಪ್ಪಿಸಲು ಅರ್ಧ ದಿನ ಬೇಕಾಯಿತು, ಯಾಕೆಂದರೆ ವಾಟ್ಸಾಪ್‌ನಲ್ಲಿ ಹಾಕಲು ಕೆಳಗಿನ ಡೆಕ್ಕಿನಲ್ಲಿ ಏನೂ ಇರುವುದಿಲ್ಲ.

ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡೂ ಮಗ್ಗುಲಲ್ಲಿ ರೆಕ್ಕೆಗಳಿರುತ್ತವೆ, ಸ್ಟೆಬಿಲೈಸರ್ ಎನ್ನುತ್ತಾರೆ. ಅಕ್ಕಪಕ್ಕದ ತೂಗಾಟವನ್ನು ಅವು ಬಹಳಷ್ಟು ತಗ್ಗಿಸುತ್ತವೆ. ಮುಂದು ಹಿಂದಾಗಿ ಏರಿಳಿಯುವುದಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ನಡುವಿನ ಕ್ಯಾಬಿನ್‌ಗೆ ನಾನು ಪಟ್ಟು ಹಿಡಿದದ್ದು ಇದಕ್ಕೇ.

ಅಮ್ಮ ಫೋನಿನಲ್ಲಿ ಅಜ್ಜನ ಕಥೆ ತೆಗೆದಳು. ಅಜ್ಜ ಮಂಗಳೂರಿನಿಂದ ಸ್ಟೀಮರ್ ಹತ್ತಿ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಬಂದವರು. ಡೆಕ್ ಕ್ಲಾಸು ಟಿಕೆಟು, ಚಾಪೆ, ಅವಲಕ್ಕಿ ಗಂಟು, ಮೂಸಲು ಲಿಂಬೆಹಣ್ಣು. "ಕ್ಯಾಬಿನ್ನಿನ ಸಾಹುಕಾರರು ಕಕ್ಕುತ್ತಿದ್ದರಂತೆ, ಅಜ್ಜ ಗೊರಕೆ ಹೊಡೆಯುತ್ತಿದ್ದರಂತೆ." ಅಜ್ಜ ಸ್ವಲ್ಪ ಬಣ್ಣ ಕಟ್ಟಿ ಹೇಳುವವರೇ. ಆದರೆ ತೆರೆದ ಗಾಳಿ, ಕಣ್ಣೆದುರು ದಿಗಂತ, ಹಗುರ ಹೊಟ್ಟೆ, ಅಂಗಾತ ಮಲಗುವುದು: ಈಗ ಡಾಕ್ಟರುಗಳು ಹೇಳುವ ಪಥ್ಯವನ್ನೆಲ್ಲ ಬಡತನ ಪುಕ್ಕಟೆಯಾಗಿ ಮಾಡಿಸಿತ್ತು.

ಪಕ್ಕದ ಮನೆಯ ಮರಾಠಿ ಆಜಿ ಮಾತ್ರ ಹಡಗು ಎಂದೊಡನೆ "ರಾಮದಾಸ್" ಎಂದರು. 1947ರ ಜುಲೈ 17ರಂದು, ಗಟಾರಿ ಅಮಾವಾಸ್ಯೆಯ ದಿನ, ಮುಂಬಯಿಯಿಂದ ರೇವಸ್‌ಗೆ ಹೊರಟ ಆ ಹಡಗು ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅದು ನಡು ಮಳೆಗಾಲ, ನಾವು ಹೋಗುವುದು ಡಿಸೆಂಬರಿನಲ್ಲಿ ಎಂದೆ. ಮಳೆಗಾಲ ಮುಗಿದ ಮೇಲೆ ಇಲ್ಲಿನ ಕಡಲು ಶಾಂತವಾಗುತ್ತದೆ ಎಂಬುದು ನಿಜ. ಡಿಸೆಂಬರ್ ಎಂದರೆ ಗ್ಯಾರಂಟಿ ಎಂದೇನೂ ಅಲ್ಲ; 2017ರ ಡಿಸೆಂಬರ್ 5ರಂದು ಓಖಿ ಚಂಡಮಾರುತದ ಮಳೆಗೆ ಮುಂಬಯಿಯ ಶಾಲೆಗಳಿಗೆ ರಜೆ ಕೊಟ್ಟದ್ದು ನೆನಪಿದೆ. ಅದನ್ನು ಆಜಿಯ ಹತ್ತಿರ ಹೇಳಲಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ, ಹೊರಡುವ ವಾರ ಅದನ್ನು ನೋಡುತ್ತೇನೆ.

ಕಳೆದ ವಾರ ಒಂದು ಪರೀಕ್ಷೆಯೂ ಆಯಿತು. ಭಾವೂಚಾ ಧಕ್ಕಾದಿಂದ ಮಾಂಡ್ವಾಕ್ಕೆ ರೋ-ರೋ ಫೆರ್ರಿಯಲ್ಲಿ ಹೋಗಿಬಂದೆವು, ಸುಮಾರು ಒಂದು ಗಂಟೆಯ ದಾರಿ. ಎಲ್ಲರ ಕಣ್ಣೂ ಗಂಡನ ಮೇಲೆ. ಅವರು ಮೇಲಿನ ಡೆಕ್ಕಿನ ಕಂಬಿ ಹಿಡಿದು ಅಲಿಬಾಗಿನ ಗುಡ್ಡ ನೋಡುತ್ತಾ ಸಮೋಸ ತಿಂದರು. ಎಸಿ ಹಾಲಿನಲ್ಲಿ ಮೊಬೈಲಿಗೆ ಮೂಗು ತಾಗಿಸಿ ಕೂತಿದ್ದ ಮಗಳ ಮುಖ ಮಾತ್ರ ಬಿಳಿಚಿಕೊಂಡಿತು. ಹೊರಗೆ ತಂದು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಸರಿಯಾದಳು. ಅವಳಿಗೆ ಒಂಬತ್ತು, ಎರಡರಿಂದ ಹನ್ನೆರಡರ ಮಕ್ಕಳಿಗೇ ಈ ಕಾಟ ಜಾಸ್ತಿ ಎಂದು ಆಮೇಲೆ ಓದಿದೆ. ಇಷ್ಟು ದಿನ ಅಪ್ಪನ ಚಿಂತೆಯಲ್ಲಿ ಮಗಳನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೊನ್ನೆ ಡಾಕ್ಟರ ಹತ್ತಿರ ಹೋದೆವು. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಅವೋಮಿನ್, ಅದೂ ವಾಂತಿ ಶುರುವಾದ ಮೇಲೆ. ಡಾಕ್ಟರು ತಲೆ ಕೊಡವಿದರು: ಇಂಥ ಮಾತ್ರೆಗಳನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತಿರುಗಿದ ಮೇಲೆ ನುಂಗಿದರೆ ಅದು ಒಳಗೆ ಉಳಿಯುವುದೇ ಅನುಮಾನ. ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ಮೇಲೆ ಮದ್ಯ ಸೇರಿಸಬಾರದು. ಇದನ್ನು ಹೇಳುವಾಗ ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಮಗಳಿಗೆ ತೂಕ ನೋಡಿ ಪ್ರಮಾಣ ಬರೆದುಕೊಟ್ಟರು. ಅತ್ತೆಗೆ ಗ್ಲಾಕೋಮಾ ಇರುವುದರಿಂದ, ಕಣ್ಣಿನ ಡಾಕ್ಟರನ್ನು ಕೇಳದೆ ಆ ಮಾತ್ರೆ ಮುಟ್ಟಬೇಡಿ ಎಂದರು. ಕೇಳದೇ ಹೋಗಿದ್ದರೆ ನಾನೇ ಎಲ್ಲರಿಗೂ ಒಂದೊಂದು ಹಂಚುತ್ತಿದ್ದೆ. ಅತ್ತೆ ಈಗಾಗಲೇ ಶುಂಠಿ ಒಣಗಿಸಲು ಹಾಕಿದ್ದಾರೆ. ಶುಂಠಿಯಿಂದ ಕೆಲವರಿಗೆ ಗುಣ ಕಾಣುತ್ತದಂತೆ. ಕಾಣದಿದ್ದರೂ ಅತ್ತೆಗೆ ಧೈರ್ಯ ಬರುತ್ತದೆ, ಅದೂ ಸಣ್ಣ ವಿಷಯವಲ್ಲ.

ಸಂಜೆ ಏಳಕ್ಕೆ ಬುಕಿಂಗ್ ಮುಗಿಸಿದೆ. ಕೆಳಗಿನ ಡೆಕ್ಕು, ನಡುಭಾಗ, ಕಿಟಕಿ ಇರುವ ಕ್ಯಾಬಿನ್. ಕಿಟಕಿ ಬಿಟ್ಟುಕೊಡಲಿಲ್ಲ, ದಿಗಂತ ಬೇಕಲ್ಲ. ಬಾಲ್ಕನಿಯ ದುಡ್ಡು ಉಳಿಯಿತು. ಅದರಲ್ಲಿ ಮಡಗಾಂವ್‌ನಿಂದ ವಾಪಸು ರೈಲಿನ ಟಿಕೆಟ್ ತೆಗೆದಿಟ್ಟರೆ ಹೇಗೆ, ಬೇಡವಾದರೆ ರದ್ದು ಮಾಡಬಹುದು ಎಂದು ಗಂಡ ಈಗ ಹೊಸ ರಾಗ ಎಳೆಯುತ್ತಿದ್ದಾರೆ. ಕೊಂಕಣ ರೈಲಿನಲ್ಲಿ ಕ್ರಿಸ್‌ಮಸ್ ವಾರದ ವೇಟಿಂಗ್ ಲಿಸ್ಟ್ ಎಷ್ಟಿದೆಯೆಂದು ತೋರಿಸಿದ ಮೇಲೆ ಸುಮ್ಮನಾದರು.