ನೀಲಾಂಬೆಯ ಅಜ್ಞಾತವಾಸ: ಎರಡನೇ ಕರಡು ಅರ್ಧ ದಾಟಿತು

ನಾನು ಬರೆಯುತ್ತಿರುವ ಕಥೆಯ ಎಳೆ ಇಷ್ಟು. ಪಟ್ಟಕ್ಕೆ ಬರಬೇಕಾದ ಹದಿನಾರರ ಹುಡುಗಿ ನೀಲಾಂಬೆ. ದಂಗೆಯ ರಾತ್ರಿ ಅವಳ ದಾದಿ ಅವಳನ್ನು ಅದೇ ಅರಮನೆಯ ಅಡುಗೆಮನೆಯಲ್ಲಿ ಕೆಂಪಿ ಎಂಬ ಹೆಸರಲ್ಲಿ ಅಡಗಿಸುತ್ತಾಳೆ. ಆ ಅರಮನೆಯ ಒಳಬಾಗಿಲುಗಳು ನಿಜವಾದ ಹೆಸರು ಹೇಳಿದವರಿಗೆ ಮಾತ್ರ ತೆರೆಯುತ್ತವೆ. ಸುಳ್ಳು ಹೆಸರಿಗೆ ಓಗೊಟ್ಟಷ್ಟೂ ನಿಜದ ಹೆಸರಿನ ಬಲ ಕುಗ್ಗುತ್ತಾ ಹೋಗುತ್ತದೆ.

ಕೆಂಪಿ ಯಾರೆಂಬುದು ಮೊದಲ ಕರಡಿನಲ್ಲಿ ಹನ್ನೆರಡನೇ ಅಧ್ಯಾಯದವರೆಗೂ ಗುಟ್ಟಾಗಿತ್ತು. ಈಗ ಮೊದಲ ಪುಟದಲ್ಲೇ ಹೇಳಿಬಿಟ್ಟಿದ್ದೇನೆ. ಪಾಂಡವರ ಅಜ್ಞಾತವಾಸವನ್ನು ನಾವು ಕೇಳುತ್ತಾ ಬಂದದ್ದೂ ಹೀಗೇ ಅಲ್ಲವೇ? ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದವನು ಭೀಮ, ಉತ್ತರೆಗೆ ನಾಟ್ಯ ಕಲಿಸುತ್ತಿರುವ ಬೃಹನ್ನಳೆ ಅರ್ಜುನ ಎಂದು ಕೇಳುವವರಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಕೀಚಕನಿಗೆ. ಅವನು ಸೈರಂಧ್ರಿಗೆ ಅಡ್ಡ ಬಂದಾಗ ನಮ್ಮ ಎದೆ ಹೊಡೆದುಕೊಳ್ಳುವುದು ಅದಕ್ಕೇ. ಒಂದು ಪುಟದಲ್ಲಿ ಬೆಚ್ಚಿಬೀಳಿಸುವುದಕ್ಕಿಂತ ಉದ್ದಕ್ಕೂ ಉಸಿರು ಬಿಗಿಹಿಡಿಸುವುದು ನನಗೆ ಇಷ್ಟ. ಹಾಗಾಗಿ ಪ್ರತಿ ದೃಶ್ಯದ ತಲೆಯ ಮೇಲೆ ಯಾರಿಗೆ ಗೊತ್ತು, ಯಾರಿಗೆ ಬರೀ ಅನುಮಾನ ಎಂದು ಬರೆದುಕೊಂಡೇ ಮುಂದೆ ಹೋಗುತ್ತಿದ್ದೇನೆ.

ಹೆಚ್ಚು ಸಮಯ ಹಿಡಿದದ್ದು ಸಂಭಾಷಣೆ. ಹುಟ್ಟಿದಂದಿನಿಂದ ಬಹುವಚನವನ್ನೇ ಕೇಳಿ ಬೆಳೆದವಳು ನೀಲಾಂಬೆ. "ಏ ಕೆಂಪಿ, ಬಾರೇ ಇಲ್ಲಿ, ಪಾತ್ರೆ ಬೆಳಗು" ಎಂದು ಯಾರಾದರೂ ಕೂಗಿದರೆ ತಿರುಗುವುದು ಅರೆಗಳಿಗೆ ತಡ. ಅಡುಗೆಮನೆಯ ಯಜಮಾನಿ ಆ ತಡವನ್ನು ಗಮನಿಸುತ್ತಾಳೆ. ದಾದಿಯ ಪಾಡು ಇನ್ನೂ ಕಷ್ಟ: ನಾಲ್ಕು ಜನರೆದುರು ಬೈಯಬೇಕು, ಇಬ್ಬರೇ ಇದ್ದಾಗ "ಅಮ್ಮಣ್ಣೀ" ಎನ್ನದೆ ಇರಲಾರಳು. ಏಳನೇ ಅಧ್ಯಾಯದಲ್ಲಿ ಜ್ವರದಿಂದ ತೂರಾಡುತ್ತಿರುವ ಹುಡುಗಿಗೆ ಎಲ್ಲರ ನಡುವೆಯೇ "ಕೂತ್ಕೊಳ್ಳಿ" ಅಂದುಬಿಡುತ್ತಾಳೆ. ಅಡುಗೆಮನೆ ಒಮ್ಮೆಲೇ ಸುಮ್ಮನಾಗುತ್ತದೆ. ಮಚ್ಚೆ, ಮುದ್ರೆಯುಂಗುರ ಯಾವುದೂ ಇಲ್ಲದೆ ಮಾರುವೇಷ ಬಿರುಕುಬಿಟ್ಟ ಈ ದೃಶ್ಯ ಇಡೀ ಕರಡಿನಲ್ಲಿ ನನಗೆ ಅತಿ ಪ್ರಿಯವಾದದ್ದು.

ಹೊಸ ಪಾತ್ರವೊಂದು ಸೇರಿದೆ. 1487ರಲ್ಲಿ ಲ್ಯಾಂಬರ್ಟ್ ಸಿಮ್ನೆಲ್ ಎಂಬ ಹುಡುಗನಿಗೆ ಇಂಗ್ಲೆಂಡಿನ ದೊರೆಯೆಂದು ಡಬ್ಲಿನ್‌ನಲ್ಲಿ ಕಿರೀಟ ತೊಡಿಸಿದರು. ಅವನ ಕಡೆಯವರು ಯುದ್ಧದಲ್ಲಿ ಸೋತ ಮೇಲೆ ಏಳನೇ ಹೆನ್ರಿ ಅವನನ್ನು ಕೊಲ್ಲಿಸದೆ ಅರಮನೆಯ ಅಡುಗೆಮನೆಗೆ ಕೆಲಸಕ್ಕೆ ಹಾಕಿದ. ಯಾರೋ ದೊಡ್ಡವರು ರಾಜನ ವೇಷ ಕಟ್ಟಿಸಿ ಕೈಬಿಟ್ಟ ಅಂಥದೇ ಒಬ್ಬ ಹುಡುಗ ಈಗ ಕೆಂಪಿಯ ಪಕ್ಕದಲ್ಲಿ ಕಟ್ಟಿಗೆ ಒಡೆಯುತ್ತಾನೆ. ಅವಳ ಸಂಕಟ ಹೇಳದೆಯೇ ಅರ್ಥವಾಗುವುದು ಅವನೊಬ್ಬನಿಗೆ.

ಕೊನೆಯ ಭಾಗ ತೆರೆದುಕೊಂಡದ್ದು ಭವಾಲ್ ಸನ್ಯಾಸಿಯ ಮೊಕದ್ದಮೆಯ ವಿವರ ಓದಿದ ಮೇಲೆ. ಬಂಗಾಳದ ಭವಾಲ್ ಜಮೀನ್ದಾರಿಯ ಎರಡನೇ ಕುಮಾರ 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ತೀರಿಕೊಂಡನೆಂದು ನಂಬಲಾಗಿತ್ತು. ಸುಮಾರು ಹನ್ನೆರಡು ವರ್ಷಗಳ ಮೇಲೆ ಢಾಕಾದಲ್ಲಿ ಕಾಣಿಸಿಕೊಂಡ ಸನ್ಯಾಸಿಯೊಬ್ಬ ತಾನೇ ಅವನೆಂದ. ಮೈಮೇಲಿನ ಗುರುತುಗಳನ್ನು ಒಂದೊಂದಾಗಿ ಕೋರ್ಟು ಪರಿಶೀಲಿಸಿತು, ನೂರಾರು ಸಾಕ್ಷಿಗಳು ಬಂದರು, 1946ರಲ್ಲಿ, ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಅವನೇ ಗೆದ್ದ. ಆದರೆ ಸೋದರಿ ತನ್ನವನೆಂದು ಒಪ್ಪಿಕೊಂಡವನನ್ನು ಹೆಂಡತಿ ಒಪ್ಪಲೇ ಇಲ್ಲ. ಗುರುತು ಎಷ್ಟೇ ಇರಲಿ, ಇವಳು ನಮ್ಮವಳು ಎನ್ನುವ ಬಾಯಿ ಬೇಕಲ್ಲ!

ಅದಕ್ಕೇ ನನ್ನ ಕಥೆಯಲ್ಲಿ ಒಳಬಾಗಿಲು ತೆರೆಯುವುದಿಲ್ಲ. ನೀಲಾಂಬೆ ಎಂದರೂ ಇಲ್ಲ, ಕೆಂಪಿ ಎಂದರೂ ಇಲ್ಲ. ಮುಚ್ಚಿದ ಬಾಗಿಲ ಮುಂದೆ ದಾದಿ, ಅಡುಗೆಮನೆಯ ಯಜಮಾನಿ, ಈಗ ಪಟ್ಟದಲ್ಲಿರುವ ನೀಲಾಂಬೆಯ ತಮ್ಮ, ಮೂವರೂ ಮಾತಾಡಬೇಕು. ದಾದಿಯ ಮಾತನ್ನು ಬರೆದಾಗಿದೆ. ಯಜಮಾನಿ ಅವಳನ್ನು ಕೊನೆಯವರೆಗೂ "ನೀನು" ಎಂದೇ ಕರೆಯಬೇಕು, ಆ ಏಕವಚನದಲ್ಲೇ ಅಕ್ಕರೆ ಕೇಳಿಸಬೇಕು. ಈ ವಾರ ಕೂತಿರುವುದು ಅದರ ಮೇಲೆ. ತಮ್ಮ ಒಪ್ಪಿದರೆ ಪಟ್ಟ ಬಿಡಬೇಕಾಗುತ್ತದೆ, ಅವನಿಗೆ ಹದಿಮೂರು ವರ್ಷ. ಅವನ ಅಧ್ಯಾಯವನ್ನು ಅವನ ಬಾಯಲ್ಲೇ ಹೇಳಿಸಲಿದ್ದೇನೆ.