ಸೀರೆ ಬೇಡ, ಮೇವು ಬೇಕು

ಪುಣೆಯ ಪಕ್ಕದ ಪಿಂಪ್ರಿಯಲ್ಲಿ ನಾವು ತರಕಾರಿ ಕೊಳ್ಳುವ ಪೇಟೆಯನ್ನು ಜನ ಇಂದಿಗೂ 'ಕ್ಯಾಂಪ್' ಎಂದೇ ಕರೆಯುತ್ತಾರೆ. ವಿಭಜನೆಯ ಬಳಿಕ ಸಿಂಧ್‌ನಿಂದ ಬಂದ ನಿರಾಶ್ರಿತರು ನೆಲೆಸಿದ ಜಾಗವದು. ಮುಂಬಯಿ ಬಳಿಯ ಉಲ್ಲಾಸನಗರದಲ್ಲಂತೂ ಒಂದರಿಂದ ಐದರವರೆಗೆ ನಂಬರು ಹಚ್ಚಿದ ಕ್ಯಾಂಪುಗಳೇ ಬಡಾವಣೆಗಳಾಗಿ ಉಳಿದಿವೆ. ಇಂಥ ಊರಿನಲ್ಲಿದ್ದೂ ಶಿಬಿರದವರಿಗೆ ಏನು ಬೇಕೆಂದು ಕೇಳುವ ಬುದ್ಧಿ ನಮಗೆ ಬಂದಿರಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ಪಂಚಗಂಗೆ ಉಕ್ಕಿ ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳು ಮುಳುಗಿದಾಗ, ನಮ್ಮ ಕನ್ನಡ ಮಂಡಳಿ ಮನೆಮನೆಯಿಂದ ಬಟ್ಟೆ ಕೂಡಿಸಿ ಟೆಂಪೊ ತುಂಬಿಸಿ ಶಿರೋಳ ತಾಲ್ಲೂಕಿನಲ್ಲಿ ನೆರೆ ಶಿಬಿರವಾಗಿದ್ದ ಒಂದು ಶಾಲೆಗೆ ಒಯ್ದಿತು. ಶಾಲೆಯ ಜಗಲಿಯ ಮೇಲೆ ನಮಗಿಂತ ಮೊದಲೇ ಬಂದಿದ್ದ ಬಟ್ಟೆ ಎದೆಮಟ್ಟ ಬಿದ್ದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ನಾನು ಕೊಟ್ಟ ಜರಿಯಂಚಿನ ಸೀರೆಯನ್ನು ಅಜ್ಜಿಯೊಬ್ಬರು ತಿರುಗಿಸಿ ನೋಡಿ, "ಸೀರಿ ಭಾಳ ಬಂದಾವ ತಮ್ಮಾ, ಎಮ್ಮಿಗೆ ಮೇವು ತಂದೀರೇನು?" ಎಂದರು. ಅವರಲ್ಲಿ ಸೀರೆ ನಾಲ್ಕಿದ್ದವು, ಒಳಲಂಗ ಒಂದೂ ಇರಲಿಲ್ಲ. ಶೌಚಾಲಯ ದೂರವೆಂದು ಹೆಣ್ಣುಮಕ್ಕಳು ಸಂಜೆಯ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಶಿಬಿರಗಳಿಗೂ ಒಂದು ಅಳತೆಗೋಲು ಇದೆಯೆಂಬುದು ನನಗೆ ಆಮೇಲೆ ತಿಳಿಯಿತು. ನೆರವಿನ ಸಂಸ್ಥೆಗಳು ಪಾಲಿಸುವ 'ಸ್ಫಿಯರ್' ಕೈಪಿಡಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಲೆಗೆ 3.5 ಚದರ ಮೀಟರ್ ಸೂರು, 20 ಜನರಿಗೆ ಒಂದು ಶೌಚಾಲಯ ಇರಬೇಕು. ಹದಿನೈದು ಲೀಟರ್ ಎಂದರೆ ಸುಮಾರು ಒಂದು ಬಕೆಟ್; ನಮ್ಮ ನಗರಗಳ ನೀರಿನ ಯೋಜನೆಗಳು ತಲೆಗೆ 135 ಲೀಟರ್ ಲೆಕ್ಕ ಹಿಡಿಯುತ್ತವೆ.

ಶಿಬಿರದವರು ರೇಷನ್ ಮಾರಿಕೊಳ್ಳುತ್ತಾರೆಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಮಾರುತ್ತಾರೆ, ನಿಜ. ಇಡಿಯ ಜೋಳವನ್ನೋ ಮೆಕ್ಕೆಜೋಳವನ್ನೋ ಕೊಟ್ಟು ಗಿರಣಿಯ ಕೂಲಿ ಕೊಡದಿದ್ದರೆ, ಕಾಳಿನಲ್ಲೇ ಒಂದು ಪಾಲು ಮಾರದೆ ಹಿಟ್ಟು ಎಲ್ಲಿಂದ ಬರಬೇಕು? ಉಪ್ಪು, ಸೌದೆ, ಮಗುವಿನ ಔಷಧಿಗೂ ಅದೇ ಚೀಲವೇ ಹಣ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ, ಹೊರಗೆ ದುಡಿಯಲು ಪರವಾನಗಿಯಿಲ್ಲದ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ನಿರಾಶ್ರಿತರಿಗೆ ವಿಶ್ವ ಆಹಾರ ಕಾರ್ಯಕ್ರಮ ಕೊಡುತ್ತಿದ್ದ ತಲೆಗೆ ತಿಂಗಳ 12 ಡಾಲರ್ ನೆರವು, ದಾನಿಗಳ ಹಣ ಸಾಲದೆ 2023ರ ಮಾರ್ಚಿನಲ್ಲಿ 10ಕ್ಕೆ, ಜೂನಿನಲ್ಲಿ 8ಕ್ಕೆ ಇಳಿಯಿತು. ಅಂದರೆ ದಿನಕ್ಕೆ 27 ಸೆಂಟ್. ಇಲ್ಲಿನ ಒಂದು ವಡಾಪಾವಿನ ಬೆಲೆಯ ಆಸುಪಾಸು.

2021ರ ಜುಲೈಯಲ್ಲಿ ಮತ್ತೆ ನೆರೆ ಬಂದಾಗ ನಾವು ಮೊದಲು ಊರಿಗೆ ಫೋನ್ ಮಾಡಿ ಕೇಳಿ, ಬಟ್ಟೆ ಬೇಡ, ಹಣ ಕೊಡಿ ಎಂದು ಮನೆಮನೆಗೆ ಹೇಳಿದೆವು. ಹಿಂದಿನ ಸಲ ಗಂಟುಗಟ್ಟಲೆ ಬಟ್ಟೆ ಕೊಟ್ಟವರೇ ನೂರು ರೂಪಾಯಿ ಬಿಚ್ಚಲು ಹಿಂದೆಮುಂದೆ ನೋಡಿ, ಲೆಕ್ಕ ಯಾರು ಕೊಡುತ್ತೀರಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು, ಬಟ್ಟೆಯ ಲೆಕ್ಕವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೂಡಿದ ಹಣ ಹಿಂದಿನ ಟೆಂಪೊ ಬಾಡಿಗೆಗಿಂತ ತುಸುವೇ ಹೆಚ್ಚಿತ್ತು. ಅಷ್ಟರಲ್ಲಿ ಅಲ್ಲಿಯೇ ಮೇವು ಕೊಡಿಸಿ, ರಸೀದಿಯನ್ನು ಮಂಡಳಿಯ ಫಲಕಕ್ಕೆ ಅಂಟಿಸಿದೆವು.